ಹಳೇ ಸೆಡಾನ್, ಹಿಂದಿನ ಚಕ್ರದ ಡ್ರೈವ್, ಟ್ರ್ಯಾಕ್‌ನ ಹುಚ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಒಂದೇ ವಿಷಯದ್ದು. ಅಗ್ಗಕ್ಕೆ ಸಿಗುವ ಹಳೇ ರಿಯರ್ ವೀಲ್ ಡ್ರೈವ್ ಸೆಡಾನ್ ತಗೊಂಡು ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕ್‌ನಲ್ಲಿ ನಮ್ಮದೇ ಕಾರು ಓಡಿಸಲು ಬಿಡುವ ದಿನಕ್ಕೆ, ಹೋಗುವುದು. ಹಾಗಾಗಿ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಸರ್, ಟ್ರ್ಯಾಕ್‌ಗೆ ಅಂತಲೇ ಒಂದು ಹಳೇ ಕಾರು ತಗೋಬೇಕು ಅಂತಿದ್ದೇನೆ. ಗೆಳೆಯರೆಲ್ಲ ಸಣ್ಣ ಹ್ಯಾಚ್‌ಬ್ಯಾಕ್ ತಗೋ, ಖರ್ಚು ಕಡಿಮೆ ಅಂತಾರೆ. ನನಗೆ ಮಾತ್ರ ಹಿಂದಿನ ಚಕ್ರಕ್ಕೆ ಡ್ರೈವ್ ಇರುವ ಸೆಡಾನೇ ಬೇಕು. ಇದು ಹುಚ್ಚಾ? ಯಾವುದು ತಗೊಳ್ಳಲಿ?

ಉತ್ತರ: ಹುಚ್ಚೇ. ಆದರೆ ಒಳ್ಳೆ ಹುಚ್ಚು. ನಿಮ್ಮ ಗೆಳೆಯರು ಹೇಳುವುದರಲ್ಲೂ ಸುಳ್ಳಿಲ್ಲ. ಹ್ಯಾಚ್‌ಬ್ಯಾಕ್ ಹಗುರ, ಟೈರ್ ಚಿಕ್ಕದು, ಬ್ರೇಕ್ ಪ್ಯಾಡ್ ಅಗ್ಗ. ಆದರೆ ಅದರಲ್ಲಿ ಮುಂದಿನ ಎರಡು ಟೈರ್‌ಗಳೇ ತಿರುಗಿಸಬೇಕು, ಅವೇ ಎಳೆಯಬೇಕು, ಬ್ರೇಕ್‌ನ ಕೆಲಸದಲ್ಲೂ ದೊಡ್ಡ ಪಾಲು ಅವುಗಳದ್ದೇ. ಹಿಂದಿನ ಚಕ್ರಕ್ಕೆ ಡ್ರೈವ್ ಇದ್ದರೆ ಆ ಕೆಲಸ ಹಂಚಿಹೋಗುತ್ತದೆ. ತಿರುವಿನಿಂದ ಹೊರಗೆ ಬರುವಾಗ ಎಕ್ಸಲರೇಟರ್ ಎಷ್ಟು ಒತ್ತಿದಿರಿ, ಎಷ್ಟು ಬೇಗ ಒತ್ತಿದಿರಿ ಅನ್ನುವುದು ನೇರ ಸೊಂಟಕ್ಕೆ ಗೊತ್ತಾಗುತ್ತದೆ. ತಪ್ಪು ಮಾಡಿದರೆ ಕಾರೇ ಹೇಳುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಸಿಗುವುದಿಲ್ಲ.

ಯಾವುದು ಅಂದರೆ, ನನ್ನ ಕಣ್ಣು ಮೊದಲು ಹೋಗುವುದು ಬಿಎಂಡಬ್ಲ್ಯು 3 ಸೀರೀಸ್‌ನ ಎರಡು ತಲೆಮಾರುಗಳ ಮೇಲೆ. 1990ರಲ್ಲಿ ಬಂದ ಇ36 ಮತ್ತು 1998ರಲ್ಲಿ ಬಂದ ಇ46. ಮುಂದೆ ಹಿಂದೆ ತೂಕ ಹೆಚ್ಚುಕಡಿಮೆ ಸಮ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ ಎಂಜಿನ್ ಹುಟ್ಟಿನಿಂದಲೇ ನಡುಕವಿಲ್ಲದ್ದು. 328ಐನಲ್ಲಿ 193 ಹಾರ್ಸ್‌ಪವರ್, ಇ46 330ಐನಲ್ಲಿ 231. ಮೊದಲ ಕಾರಿಗೆ 330ಐ ಬೇಕಾಗಿಲ್ಲ, ಸಿಕ್ಕರೆ ಬೇಡ ಅನ್ನಬೇಕಾಗಿಯೂ ಇಲ್ಲ. ಈ ಕಾರುಗಳ ದೊಡ್ಡ ಲಾಭ ಬೇರೆಯೇ ಇದೆ. ಎಲ್ಲಿ ಒಡೆಯುತ್ತದೆ, ಯಾಕೆ ಒಡೆಯುತ್ತದೆ, ಹೇಗೆ ಸರಿ ಮಾಡಬೇಕು ಅನ್ನುವುದನ್ನು ನಿಮಗಿಂತ ಮುಂಚೆ ಸಾವಿರಾರು ಜನ ದುಡ್ಡು ಸುಟ್ಟುಕೊಂಡು ಕಂಡುಹಿಡಿದಿದ್ದಾರೆ.

ಎರಡನೆಯದು ಲೆಕ್ಸಸ್ ಐಎಸ್200. ಜಪಾನಿನಲ್ಲಿ ಇದೇ ಟೊಯೋಟಾ ಆಲ್ಟೆಝಾ. ಸುಮಾರು 155 ಹಾರ್ಸ್‌ಪವರ್ ಅಷ್ಟೇ, ನೇರ ರಸ್ತೆಯಲ್ಲಿ ಆಕಳಿಕೆ ಬರುತ್ತದೆ. ಆದರೆ ನಾಲ್ಕೂ ಕಡೆ ಚಕ್ರವನ್ನು ಎರಡು ತೋಳುಗಳಿಂದ ಹಿಡಿಯುವ ಡಬಲ್ ವಿಶ್‌ಬೋನ್ ಸಸ್ಪೆನ್ಶನ್, ಆರು ಗೇರಿನ ಮ್ಯಾನುಯಲ್ ಇದೆ, ಎಂಜಿನ್ ಎಷ್ಟು ದುಡಿಸಿದರೂ ಗೊಣಗುವುದಿಲ್ಲ. ಕೆಲವು ಕಾರುಗಳಲ್ಲಿ ಕಂಪನಿಯಿಂದಲೇ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ (ಎಲ್‌ಎಸ್‌ಡಿ, ಒಂದು ಚಕ್ರವೇ ಸುಮ್ನೆ ಸುತ್ತದಂತೆ ಎರಡಕ್ಕೂ ಶಕ್ತಿ ಹಂಚುವ ಸಾಧನ) ಬಂದಿರುತ್ತದೆ, ಹುಡುಕಿದರೆ ಅಂಥದ್ದನ್ನೇ ಹುಡುಕಿ.

ಇನ್ನು ಮರ್ಸಿಡಿಸ್ 190ಇ. 1984ರಲ್ಲಿ ಹೊಸ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕ್ ಉದ್ಘಾಟನೆಗೆ ಎಲ್ಲರಿಗೂ ಒಂದೇ ತರಹದ 190ಇ 2.3-16 ಕೊಟ್ಟು ರೇಸ್ ಮಾಡಿಸಿದ್ದರು. ಘಟಾನುಘಟಿಗಳ ಮಧ್ಯೆ ಗೆದ್ದವರು ಆಗಿನ್ನೂ ಫಾರ್ಮುಲಾ ಒನ್‌ಗೆ ಹೊಸಬರಾಗಿದ್ದ ಐರ್ಟನ್ ಸೆನ್ನಾ. ಎರಡನೇ ಸ್ಥಾನ ನಿಕಿ ಲೌಡಾಗೆ. ಆ ಕಥೆ ಕೇಳಿ ಯಾರೋ ಮಾರುತ್ತಿರುವ ಮಾಮೂಲಿ 190ಇಗೆ ಮುಗಿಬೀಳಬೇಡಿ. ಅದರ ಹಿಂದಿನ ಸಸ್ಪೆನ್ಶನ್ ಇವತ್ತಿಗೂ ಭಲೇ, ಆದರೆ ಸ್ಟೇರಿಂಗ್ ಹಳೇ ಕಾಲದ್ದು, ಮುಂದಿನ ಚಕ್ರದ ಸುದ್ದಿ ಕೈಗೆ ಸರಿಯಾಗಿ ಮುಟ್ಟುವುದಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಟ್ರ್ಯಾಕ್‌ಗೆ ಒಯ್ಯುವ ಕಾರು ಗೋಡೆಗೆ ಹೋಗಿ ಗುಜರಿ ಸೇರಿದರೂ ನೀವು ರಾತ್ರಿ ನಿದ್ದೆ ಮಾಡುವಂತಿರಬೇಕು. ಅಷ್ಟು ಅಗ್ಗದ್ದಿರಲಿ. ಸಾಲ ಮಾಡಿ ತಗೊಂಡ ಕಾರಿನಲ್ಲಿ ಯಾರೂ ಸರಿಯಾಗಿ ಕಲಿಯುವುದಿಲ್ಲ, ಪ್ರತಿ ತಿರುವಿನಲ್ಲೂ ಕಂತು ನೆನಪಾಗುತ್ತದೆ.

ಪ್ರಶ್ನೆ: ಒಂದು ಇ46 ನೋಡಿದ್ದೇನೆ. ಪೇಂಟ್ ಮಾಸಿದೆ, ಸೀಟು ಹರಿದಿದೆ, ಆದರೆ ಎಂಜಿನ್ ಚೆನ್ನಾಗಿದೆ ಅಂತಾರೆ ಮಾರುವವರು. ಏನೇನು ನೋಡಬೇಕು?

ಉತ್ತರ: ಪೇಂಟು, ಸೀಟು ಬಿಡಿ. ಹರಿದ ಸೀಟು ಚೌಕಾಸಿಗೆ ಒಳ್ಳೆಯದು. ನೀವು ಬಾನೆಟ್ ಎತ್ತುವ ಮುಂಚೆ ಕಾರನ್ನೇ ಎತ್ತಿ. ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಹಾಕಿಸಿ ಹಿಂಭಾಗದ ಕೆಳಗೆ ಟಾರ್ಚ್ ಹಿಡಿದು ನಿಲ್ಲಿ. ಇ46ನ ಹಿಂದಿನ ಸಬ್‌ಫ್ರೇಮ್, ಅಂದರೆ ಹಿಂದಿನ ಸಸ್ಪೆನ್ಶನ್ ಹೊತ್ತ ಚೌಕಟ್ಟು, ಕಾರಿನ ಬಾಡಿಗೆ ಬೋಲ್ಟ್ ಆಗುವ ಜಾಗದಲ್ಲಿ ತಗಡು ಬಿರುಕು ಬಿಡುತ್ತದೆ. ಇದು ಈ ಮಾಡೆಲ್‌ನ ಜಗಜ್ಜಾಹೀರಾದ ಕಾಯಿಲೆ. ಸ್ಪಾಟ್ ವೆಲ್ಡ್ ಸುತ್ತ ಕೂದಲೆಳೆಯಷ್ಟು ಗೆರೆ, ಅದರ ಅಂಚಿನಲ್ಲಿ ತೆಳ್ಳಗೆ ತುಕ್ಕಿನ ಬಣ್ಣ ಇಳಿದಿರುತ್ತದೆ. ಮಣ್ಣು, ಅಂಡರ್‌ಕೋಟಿಂಗ್ ಮೆತ್ತಿದ್ದರೆ ಒರೆಸಿ ನೋಡಿ. ಈಗಷ್ಟೇ ಹೊಸದಾಗಿ ಕಪ್ಪು ಬಳಿದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ. ಓಡಿಸುವಾಗ ಎಕ್ಸಲರೇಟರ್ ಬಿಟ್ಟು ಒತ್ತಿದಾಗ ಹಿಂದಿನಿಂದ ಟಣ್ ಅಂತ ಸದ್ದು ಬಂದರೂ ಇಲ್ಲೇ ಹುಡುಕಬೇಕು. ಪ್ಲೇಟ್ ಇಟ್ಟು ವೆಲ್ಡಿಂಗ್ ಮಾಡಿಸಿದರೆ ಸರಿಹೋಗುತ್ತದೆ, ಆದರೆ ಅದು ಹಿಂಭಾಗ ಪೂರ್ತಿ ಬಿಚ್ಚುವ ಕೆಲಸ. ಆ ಖರ್ಚು ಬೆಲೆಯಲ್ಲಿ ಕಳೆಯದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಆಮೇಲೆ ಕೂಲಿಂಗ್. ಈ ಎಂಜಿನ್‌ಗಳು ಸಾಯುವುದು ಸವೆದು ಅಲ್ಲ, ಬಿಸಿಯಾಗಿ. ಕೂಲೆಂಟ್ ತುಂಬುವ ಟ್ಯಾಂಕ್ ಪ್ಲಾಸ್ಟಿಕ್, ರೇಡಿಯೇಟರ್‌ನ ಪೈಪ್ ಸೇರುವ ಕತ್ತು ಪ್ಲಾಸ್ಟಿಕ್, ಕೆಲವು ವಾಟರ್ ಪಂಪ್‌ಗಳ ಒಳಗಿನ ರೆಕ್ಕೆಯೂ ಪ್ಲಾಸ್ಟಿಕ್. ಇಪ್ಪತ್ತು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಮಾರುವವರು ಏನೇ ಹೇಳಲಿ, ತಗೊಂಡ ವಾರವೇ ಟ್ಯಾಂಕ್, ರೇಡಿಯೇಟರ್, ಪಂಪ್, ಥರ್ಮೋಸ್ಟಾಟ್, ಹೋಸ್‌ಗಳನ್ನು ಒಟ್ಟಿಗೆ ಬದಲಿಸಿ. ಇನ್ನೊಂದು ಕಿವಿಮಾತು. ಇ46ನ ಟೆಂಪರೇಚರ್ ಮುಳ್ಳನ್ನು ನಂಬಬೇಡಿ. ಬಿಸಿ ಸ್ವಲ್ಪ ಹೆಚ್ಚುಕಮ್ಮಿಯಾದರೆ ಗಿರಾಕಿ ಗಾಬರಿಯಾಗಬಾರದು ಅಂತ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಮಾಡಿದ್ದಾರೆ. ಅದು ಮಧ್ಯ ಬಿಟ್ಟು ಕೆಂಪಿನ ಕಡೆ ಏಳುವ ಹೊತ್ತಿಗೆ ಅಲ್ಯುಮಿನಿಯಂ ಹೆಡ್‌ಗೆ ಕುತ್ತು ಬಂದಿರುತ್ತದೆ. ಕಾರಿನ ಕಂಪ್ಯೂಟರ್‌ಗೆ ಸೇರುವ ಒಬಿಡಿ ಪೋರ್ಟ್‌ಗೆ ಚಿಕ್ಕ ರೀಡರ್ ಸಿಕ್ಕಿಸಿ ನಿಜವಾದ ಡಿಗ್ರಿ ನೋಡುತ್ತಿರಿ.

ಸಸ್ಪೆನ್ಶನ್‌ನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳೂ ಅಷ್ಟೇ. ಹಿಂದಿನ ಟ್ರೇಲಿಂಗ್ ಆರ್ಮ್ ಬುಷ್ ಹೋಗಿದ್ದರೆ ವೇಗದಲ್ಲಿ ಎಕ್ಸಲರೇಟರ್ ಬಿಟ್ಟಾಗ ಕಾರಿನ ಹಿಂಭಾಗ ಸೊಂಟ ಬಳುಕಿಸುತ್ತದೆ. ಟೈರ್ ಹಿಡಿತ ಬಿಟ್ಟಿತು ಅಂದುಕೊಂಡು ಸ್ಟೇರಿಂಗ್ ತಿರುಗಿಸುವವರು ಬಹಳ ಜನ, ಪಾಪ ಟೈರ್‌ನ ತಪ್ಪೇನೂ ಇರುವುದಿಲ್ಲ.

ಆಯಿಲ್ ಪಂಪ್ ತಿರುಗಿಸುವ ಹಲ್ಲುಚಕ್ರದ ನಟ್ ಬಗ್ಗೆಯೂ ಗೊತ್ತಿರಲಿ. ಈ ಕಾರುಗಳ ಆರು ಸಿಲಿಂಡರ್‌ನ ಎಂ50, ಎಂ52, ಎಂ54 ಎಂಜಿನ್‌ಗಳನ್ನು ಯಾವಾಗಲೂ ರೆಡ್‌ಲೈನ್ (ಎಂಜಿನ್ ಸುತ್ತುವ ಗರಿಷ್ಠ ಮಿತಿ) ಹತ್ತಿರ ಓಡಿಸಿದರೆ ಈ ನಟ್ ಸಡಿಲವಾಗುವುದುಂಟು. ಉದುರಿದರೆ ಆಯಿಲ್ ಪ್ರೆಶರ್ ಸೊನ್ನೆ, ಎಂಜಿನ್ ಸೀಜ್. ಬೇರೆ ಯಾವುದಕ್ಕಾದರೂ ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿದಾಗ ಇದನ್ನು ವೈರ್ ಹಾಕಿ ಲಾಕ್ ಮಾಡಿಸಿಬಿಡಿ.

ಪ್ರಶ್ನೆ: ಕಾರು ತಗೊಂಡಾಯ್ತು. ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಿದೆ. ಸೈಲೆನ್ಸರ್ ಬದಲಿಸಿ, ಏರ್ ಫಿಲ್ಟರ್ ಹಾಕಿ, ಎಂಜಿನ್ ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಮಾಡಿಸೋಣ ಅಂತಿದ್ದೇನೆ. ಯಾವುದು ಮೊದಲು?

ಉತ್ತರ: ಮೂರೂ ಬೇಡ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ. ಟರ್ಬೊ ಇಲ್ಲದ ಹಳೇ ಎಂಜಿನ್‌ಗೆ ರೀಮ್ಯಾಪ್ ಮಾಡಿದರೆ ಸಿಗುವುದು ಅತ್ಯಲ್ಪ. ಸೈಲೆನ್ಸರ್ ಜೋರಾದರೆ ಎಷ್ಟೋ ಟ್ರ್ಯಾಕ್‌ಗಳಲ್ಲಿ ಡೆಸಿಬೆಲ್ ಅಳೆದು ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. ದುಡ್ಡು ಬ್ರೇಕ್‌ಗೆ ಹಾಕಿ.

ಲೆಕ್ಕ ನೋಡಿ. 1,400 ಕಿಲೋ ತೂಕದ ಕಾರು 180 ಕಿ.ಮೀ. ವೇಗದಿಂದ 80ಕ್ಕೆ ಇಳಿದರೆ ಸುಮಾರು 14 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ನಾಲ್ಕು ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರಲು ಬೇಕಾದಷ್ಟು. ಇದು ಒಂದು ಸಲ ಬ್ರೇಕ್ ಒತ್ತಿದ್ದಕ್ಕೆ. ಮುಂದಿನ ತಿರುವಿನಲ್ಲಿ ಮತ್ತೆ, ಅದರ ಮುಂದಿನದರಲ್ಲಿ ಮತ್ತೆ, ಇಪ್ಪತ್ತು ನಿಮಿಷ ಇದೇ ಕಥೆ. ಮಾಮೂಲಿ ಪ್ಯಾಡ್, ವರ್ಷಗಟ್ಟಲೆ ಬದಲಿಸದ ಬ್ರೇಕ್ ಆಯಿಲ್ ಇದನ್ನು ತಡೆಯುವುದಿಲ್ಲ.

ಬ್ರೇಕ್ ಕೈಕೊಡುವುದರಲ್ಲೂ ಎರಡು ಬಗೆ ಇದೆ, ಕಾಲಿಗೆ ಬೇರೆ ಬೇರೆ ತರಹ ಗೊತ್ತಾಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ತುಳಿದರೂ ಕಾರು ಮಾತ್ರ ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಅದರ ಮಿತಿ ಮೀರಿ ಬಿಸಿಯಾಗಿದೆ. ಸುಟ್ಟ ವಾಸನೆಯೂ ಬರುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಗೆ ಕೆಳಗೆ ಇಳಿಯುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದಿದೆ. ಇದು ಜಾಸ್ತಿ ಅಪಾಯ. ಆ ಕ್ಷಣಕ್ಕೆ ಪೆಡಲನ್ನು ಬಿಟ್ಟು ಬಿಟ್ಟು ಬೇಗಬೇಗ ಪಂಪ್ ಮಾಡಿ, ಗೇರ್ ಇಳಿಸಿ, ನಿಧಾನವಾಗಿ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ) ಬನ್ನಿ. ತಣ್ಣಗಾದ ಮೇಲೆ ಪೆಡಲ್ ಮತ್ತೆ ಸರಿ ಅನ್ನಿಸುತ್ತದೆ. ನಂಬಬೇಡಿ. ಹೊಸ ಆಯಿಲ್ ಹಾಕಿ ಗಾಳಿ ತೆಗೆಯದೆ ಮತ್ತೆ ಟ್ರ್ಯಾಕ್‌ಗೆ ಇಳಿಯಬೇಡಿ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಬ್ರೇಕ್ ಆಯಿಲ್‌ನ ದರ್ಜೆ ಡಾಟ್ 4 ಅಂದರೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ತಡೆಯಬೇಕು, ನೀರು ಸೇರಿದ ಮೇಲೆ 155 ಡಿಗ್ರಿ ತಡೆದರೆ ಸಾಕು ಅನ್ನುತ್ತದೆ ನಿಯಮ. ಡಾಟ್ 5.1ಕ್ಕೆ ಇದೇ ಲೆಕ್ಕ 260 ಮತ್ತು 180. ರೇಸಿಂಗ್‌ಗೆ ಅಂತ ಬರುವ ಆಯಿಲ್ ಇನ್ನೂ ಮೇಲೆ ಹೋಗುತ್ತದೆ, ಅದನ್ನೇ ತಗೊಳ್ಳಿ. ಡಬ್ಬಿ ಮೇಲೆ ಬರೀ ಡಾಟ್ 5 ಅಂತಿದ್ದರೆ ಅದು ಸಿಲಿಕೋನ್, ಬೇರೆ ಜಾತಿ, ಮುಟ್ಟಬೇಡಿ.

ಹಾಗಾಗಿ ಮೊದಲು ಆಯಿಲ್, ಟ್ರ್ಯಾಕ್‌ಗೆ ತಕ್ಕ ಪ್ಯಾಡ್, ಸವೆದಿದ್ದರೆ ಡಿಸ್ಕ್. ದೊಡ್ಡ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಕಿಟ್ ಸದ್ಯಕ್ಕೆ ಬೇಡ. ಆಮೇಲೆ ಟೈರ್. ಟೈರ್ ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಕೋಡ್‌ನ ಕೊನೆಯ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಅಂದರೆ 2014ರ 23ನೇ ವಾರ. ಟೈರಿನ ಗೀರು ಎಷ್ಟೇ ಆಳವಾಗಿರಲಿ, ಅಂಥದ್ದು ಟ್ರ್ಯಾಕ್‌ಗೆ ಬೇಡ. ಆಮೇಲೆ ಅಲೈನ್‌ಮೆಂಟ್. ಮುಂದಿನ ಚಕ್ರಕ್ಕೆ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು, ಸಾಲದಿದ್ದರೆ ಟೈರಿನ ಹೊರ ಅಂಚು ಒಂದೇ ದಿನದಲ್ಲಿ ಬೋಳಾಗುತ್ತದೆ. ಎರಡೂವರೆ ಡಿಗ್ರಿ ಹತ್ತಿರ ಹೋದರೆ ಕಾರು ತಿರುವಿಗೆ ಕಚ್ಚಿಕೊಳ್ಳುವ ರೀತಿಯೇ ಬೇರೆ.

ಇಷ್ಟಾದ ಮೇಲೂ ದುಡ್ಡು ಉಳಿದಿದ್ದರೆ ಯಾರಾದರೂ ಒಳ್ಳೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಒಂದು ದಿನ ಕಲಿಸಲಿ. ಯಾವ ಪಾರ್ಟ್ ಹಾಕಿದರೂ ಅಷ್ಟು ಸೆಕೆಂಡ್ ಕಮ್ಮಿಯಾಗುವುದಿಲ್ಲ.

ಪ್ರಶ್ನೆ: ಆಟೋಮ್ಯಾಟಿಕ್ ಅಗ್ಗಕ್ಕೆ ಸಿಗುತ್ತಿದೆ. ನಡೆಯುತ್ತಾ?

ಉತ್ತರ: ಆ ಕಾಲದ ಆಟೋಮ್ಯಾಟಿಕ್ ಬೇಡ. ತಿರುವಿನ ಮಧ್ಯೆ ತನಗೆ ತೋಚಿದ ಗೇರ್ ಹಾಕುತ್ತದೆ, ಅದರ ಆಯಿಲ್ ಬಿಸಿಯಾಗಿ ಕೆಡುತ್ತದೆ. ಮುಂದೆ ಮ್ಯಾನುಯಲ್‌ಗೆ ಬದಲಿಸೋಣ ಅಂತ ಹೊರಟರೆ ಮೂಗಿಗಿಂತ ಮೂಗುತಿ ಭಾರ.

ಪ್ರಶ್ನೆ: ಗ್ಯಾರೇಜಿನವರು ಡಿಫರೆನ್ಶಿಯಲ್ ವೆಲ್ಡ್ ಮಾಡಿಕೊಡ್ತೇವೆ, ಲಿಮಿಟೆಡ್ ಸ್ಲಿಪ್‌ಗಿಂತ ಸಿಕ್ಕಾಪಟ್ಟೆ ಅಗ್ಗ ಅಂತಿದ್ದಾರೆ. ಮಾಡಿಸಲಾ?

ಉತ್ತರ: ಬೇಕಂತಲೇ ಕಾರು ಜಾರಿಸಿ ಡ್ರಿಫ್ಟ್ ಮಾಡುವವರಿಗೆ ಸರಿ. ನಿಮಗೆ ಬೇಡ. ಮಾಮೂಲಿ ಡಿಫರೆನ್ಶಿಯಲ್‌ನಲ್ಲಿ ತಿರುವಿನ ಒಳಬದಿಯ ಚಕ್ರ ಹಗುರಾಗಿ ಸುಮ್ನೆ ಸುತ್ತುತ್ತದೆ, ಶಕ್ತಿ ವ್ಯರ್ಥ, ನಿಜ. ವೆಲ್ಡ್ ಮಾಡಿದರೆ ಎರಡೂ ಚಕ್ರ ಯಾವಾಗಲೂ ಒಂದೇ ವೇಗದಲ್ಲಿ ಸುತ್ತಬೇಕು. ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕಲ್ವಾ? ಆ ಜಗಳದಲ್ಲಿ ಕಾರು ಇಕ್ಕಟ್ಟಾದ ತಿರುವುಗಳಲ್ಲಿ ತಿರುಗುವುದೇ ಇಲ್ಲ ಅಂತ ಮುಂದಕ್ಕೆ ನೂಕುತ್ತದೆ. ಆಕ್ಸಲ್ ಮೇಲೂ ಒತ್ತಡ, ಟೈರ್ ಸವೆತ, ಪಾರ್ಕಿಂಗ್ ಮಾಡುವಾಗ ಕಿರ್ರ್ ಅಂತ ಕುಪ್ಪಳಿಸುವ ಅವಮಾನ ಬೇರೆ. ಮಳೆಯಲ್ಲಿ ರಸ್ತೆ ಮೇಲೆ ಓಡಿಸಿದರಂತೂ ಕಷ್ಟ. ಮೊದಲ ವರ್ಷ ಮಾಮೂಲಿ ಡಿಫರೆನ್ಶಿಯಲ್‌ನಲ್ಲೇ ಓಡಿಸಿ. ಎಕ್ಸಲರೇಟರ್ ತಾಳ್ಮೆಯಿಂದ ಒತ್ತುವುದನ್ನು ಅದು ಕಲಿಸುತ್ತದೆ. ಆಮೇಲೆ ದುಡ್ಡು ಕೂಡಿಸಿ ನಿಜವಾದ ಎಲ್‌ಎಸ್‌ಡಿ ಹಾಕಿಸಿ.

ಪ್ರಶ್ನೆ: ನಿಜ ಹೇಳಬೇಕೆಂದರೆ ಭಯ. ಹಿಂಭಾಗ ಜಾರಿದರೆ ಏನು ಮಾಡಬೇಕು? ಓದಿದ್ದೆಲ್ಲ ಆ ಹೊತ್ತಿಗೆ ನೆನಪಿರುತ್ತಾ?

ಉತ್ತರ: ನೆನಪಿರುವುದಿಲ್ಲ, ಅದಕ್ಕೇ ಮೊದಲು ನಿಧಾನದ ತಿರುವುಗಳಲ್ಲಿ ಅಭ್ಯಾಸ ಆಗಬೇಕು. ಕಾರು ಜಾರುವುದನ್ನು ತಾನೇ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಇದ್ದರೆ ಆಫ್ ಮಾಡಬೇಡಿ. ಅದರ ಲೈಟ್ ಎಲ್ಲಿ ಮಿನುಗಿತು ಅಂತ ಗಮನಿಸಿ, ನೀವು ಒರಟಾಗಿದ್ದ ಜಾಗ ಅದೇ. ಒಂದು ಸೆಷನ್ ಪೂರ್ತಿ ಮಿನುಗದ ಹಾಗೆ ಓಡಿಸಲು ಬಂದ ಮೇಲೆ ಆಫ್ ಮಾಡುವ ಮಾತು.

ಹೊಸಬರು ಹಿಂಭಾಗ ಜಾರಿಸಿಕೊಳ್ಳುವುದು ಎಕ್ಸಲರೇಟರ್ ಜಾಸ್ತಿ ಒತ್ತಿ ಅಂತ ಎಲ್ಲರೂ ತಿಳಿದಿದ್ದಾರೆ. ಬಿಟ್ಟೂ ಜಾರಿಸಿಕೊಳ್ಳುತ್ತಾರೆ. ತಿರುವಿಗೆ ವೇಗವಾಗಿ ಬಂದೆ ಅನ್ನಿಸಿ ಮಧ್ಯದಲ್ಲಿ ಹೆದರಿ ಕಾಲು ಥಟ್ಟನೆ ಎತ್ತುತ್ತಾರೆ. ತೂಕವೆಲ್ಲ ಮುಂದಕ್ಕೆ ಓಡುತ್ತದೆ, ಹಿಂದಿನ ಟೈರ್ ಹಗುರಾಗುತ್ತದೆ, ಬಾಲ ಹೊರಗೆ ಬರುತ್ತದೆ. ಆದ್ದರಿಂದ ಜಾರಿದಾಗ ಕಾಲು ಕಿತ್ತುಹಾಕಬೇಡಿ, ಸ್ವಲ್ಪ ಸಡಿಲ ಬಿಡಿ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಣ್ಣು, ಕಣ್ಣು ಹೋದ ಕಡೆ ಸ್ಟೇರಿಂಗ್. ಜಾರುವುದು ನಿಲ್ಲುತ್ತಿದ್ದಂತೆ ಸ್ಟೇರಿಂಗನ್ನು ಅಷ್ಟೇ ಬೇಗ ನೇರಕ್ಕೆ ತರಬೇಕು. ಇದನ್ನೇ ಮರೆಯುತ್ತಾರೆ, ಆಗ ಕಾರು ಚಾಟಿ ಬೀಸಿದಂತೆ ಇನ್ನೊಂದು ಕಡೆಗೆ ಎಗರುತ್ತದೆ. ಗೋಡೆಗೆ ಒಯ್ಯುವುದು ಸಾಮಾನ್ಯವಾಗಿ ಈ ಎರಡನೇ ಜಾರು.

ಇನ್ನು ಕೈ ಮೀರಿತು ಅನ್ನಿಸಿದರೆ ಹೋರಾಡಬೇಡಿ. ಕ್ಲಚ್, ಬ್ರೇಕ್ ಎರಡೂ ಪೂರ್ತಿ ಒತ್ತಿ ಹಿಡಿಯಿರಿ, ಕಾರು ನಿಲ್ಲುವ ತನಕ ಬಿಡಬೇಡಿ. ಬ್ರೇಕ್ ಬಿಟ್ಟರೆ ಅದು ಹಿಂದಕ್ಕೆ ಉರುಳಿ ಬೇರೆಯವರ ದಾರಿಗೆ ಅಡ್ಡ ಬರಬಹುದು. ನಿಂತ ಮೇಲೆ ಬೆಂಕಿ ಇಲ್ಲದಿದ್ದರೆ ಒಳಗೇ ಕೂತಿರಿ, ಮಾರ್ಷಲ್ (ಟ್ರ್ಯಾಕ್ ಕಾಯುವ ಸಿಬ್ಬಂದಿ) ಹೇಳಿದ ಮೇಲೆ ಹೊರಡಿ.

ಪ್ರಶ್ನೆ: ಸೀಟು, ಕಾರ್ಪೆಟ್ ಎಲ್ಲ ಕಿತ್ತು ರೋಲ್ ಕೇಜ್, ರೇಸಿಂಗ್ ಬೆಲ್ಟ್ ಹಾಕಿಸೋಣ ಅಂತ ಆಸೆ. ಇದೇ ಕಾರಲ್ಲಿ ಕೆಲಸಕ್ಕೂ ಹೋಗ್ತೇನೆ.

ಉತ್ತರ: ಎರಡರಲ್ಲಿ ಒಂದು ಆರಿಸಿಕೊಳ್ಳಿ. ರೋಲ್ ಕೇಜ್ ಅಂದರೆ ಕಾರಿನೊಳಗಿನ ಪೈಪಿನ ಪಂಜರ, ಅದರ ಪೈಪು ತಲೆಯ ಪಕ್ಕದಲ್ಲೇ ಇರುತ್ತದೆ. ಹೆಲ್ಮೆಟ್ ಹಾಕಿದ್ದರೆ ಅದು ಕಾಪಾಡುತ್ತದೆ, ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಹಿಂದಿನಿಂದ ಯಾರಾದರೂ ಗುದ್ದಿದರೆ ಅದೇ ತಲೆ ಒಡೆಯುತ್ತದೆ. ಮಾಮೂಲಿ ಸೀಟಿಗೆ ನಾಲ್ಕು ಪಾಯಿಂಟ್ ಬೆಲ್ಟ್ ಬಿಗಿಯುವುದೂ ಅರೆಬರೆ ಕೆಲಸ. ಗುದ್ದಿದಾಗ ಸೊಂಟದ ಪಟ್ಟಿ ಹೊಟ್ಟೆ ಮೇಲೆ ಸರಿದು ದೇಹ ಕೆಳಗೆ ನುಸುಳುತ್ತದೆ. ಭುಜ ಬಿಗಿದು ಕಟ್ಟಿದ ಮೇಲೆ ತಲೆಯೊಂದೇ ಮುಂದಕ್ಕೆ ಹಾರುತ್ತದೆ, ಕುತ್ತಿಗೆಗೆ ಹಾನ್ಸ್, ಅಂದರೆ ಹೆಲ್ಮೆಟ್ ಹಿಡಿದು ತಲೆ ಮುಂದಕ್ಕೆ ಹಾರದಂತೆ ತಡೆಯುವ ಸಾಧನ, ಬೇಕು. ಹಾನ್ಸ್ ಫಾರ್ಮುಲಾ ಒನ್‌ನಲ್ಲೇ ಕಡ್ಡಾಯವಾಗಿದ್ದು 2003ರಲ್ಲಿ. ಬಕೆಟ್ ಸೀಟು, ಆರು ಪಾಯಿಂಟ್ ಬೆಲ್ಟ್, ಹಾನ್ಸ್, ಕೇಜ್ ಎಲ್ಲ ಒಟ್ಟಿಗೆ ಬರಬೇಕು. ಇಲ್ಲವಾದರೆ ಕಂಪನಿ ಕೊಟ್ಟ ಸೀಟು, ಮೂರು ಪಾಯಿಂಟ್ ಬೆಲ್ಟ್, ಏರ್‌ಬ್ಯಾಗ್ ಹಾಗೇ ಇರಲಿ, ಅವು ಒಂದಕ್ಕೊಂದು ಹೊಂದುವಂತೆ ಮಾಡಿದವು. ಹೆಲ್ಮೆಟ್ ಮಾತ್ರ ಒಳ್ಳೆಯದೇ ತಗೊಳ್ಳಿ. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತು ಇದ್ದರೆ ಕಾರ್ ರೇಸಿಂಗ್‌ಗೆ ಅಂತ ಬೆಂಕಿಯ ಪರೀಕ್ಷೆಯೂ ಆಗಿರುತ್ತದೆ, ಬೈಕಿನವರ ಎಂ ಗುರುತಿನದರಲ್ಲಿ ಅದಿಲ್ಲ.

ಪ್ರಶ್ನೆ: ಮನೆಯವರು ಕೇಳ್ತಿದ್ದಾರೆ, ಇನ್ಶೂರೆನ್ಸ್ ಇರುತ್ತಲ್ವಾ?

ಉತ್ತರ: ಮಾಮೂಲಿ ಪಾಲಿಸಿ ಸಾಮಾನ್ಯವಾಗಿ ಟ್ರ್ಯಾಕ್‌ನಲ್ಲಿ ಆದದ್ದಕ್ಕೆ ಕೊಡುವುದಿಲ್ಲ. ಪಾಲಿಸಿ ತೆಗೆದು ಓದಿ, ಮನೆಯವರಿಗೂ ಓದಿ ಹೇಳಿ. ಗೋಡೆಗೆ ಹೋದರೂ ನಿದ್ದೆ ಬರುವಂಥ ಕಾರು ತಗೊಳ್ಳಿ ಅಂದಿದ್ದು ಇದಕ್ಕೂ ಸೇರಿಸಿ.

ಪ್ರಶ್ನೆ: ಅದೇ ಕಾರಲ್ಲಿ ಟ್ರ್ಯಾಕ್‌ಗೆ ಓಡಿಸಿಕೊಂಡು ಹೋಗಿ, ಅದರಲ್ಲೇ ವಾಪಸ್ ಬರಬೇಕು. ಏನು ತಯಾರಿ?

ಉತ್ತರ: ಡಿಕ್ಕಿಯಲ್ಲಿ ಟಾರ್ಕ್ ವ್ರೆಂಚ್, ಟೈರ್ ಗೇಜ್, ಜಾಕ್, ಒಂದು ಲೀಟರ್ ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್, ಹಳೇ ಪ್ಯಾಡ್ ಒಂದು ಜೊತೆ. ಎಳೆಯುವ ಕೊಕ್ಕೆಯನ್ನು ಮೊದಲೇ ಹಾಕಿಡಿ, ಮರಳಿನಲ್ಲಿ ಹೂತ ಮೇಲೆ ಹುಡುಕಬೇಡಿ. ಟ್ರ್ಯಾಕ್‌ಗೆ ಇಳಿಯುವ ಮುಂಚೆ ಸ್ಟೆಪ್ನಿ, ಜಾಕ್, ನೀರಿನ ಬಾಟಲ್, ಮ್ಯಾಟ್ ಎಲ್ಲ ಹೊರಗೆ. ಉರುಳಿ ಬಂದ ಬಾಟಲ್ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿದರೆ ಕಥೆ ಮುಗಿಯಿತು. ಎಂಜಿನ್ ಆಯಿಲ್ ಮ್ಯಾಕ್ಸ್ ಗೆರೆಯಲ್ಲಿರಲಿ, ಪ್ರತಿ ಸೆಷನ್ ಆದ ಮೇಲೂ ನೋಡಿ. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿಯುತ್ತದೆ, ಮೊದಲೇ ಕಮ್ಮಿ ಇದ್ದರೆ ಪಂಪ್ ಗಾಳಿ ಎಳೆಯುತ್ತದೆ.

ಟೈರಿನ ಗಾಳಿ ಬಿಸಿಯಾದಾಗ ಏರುತ್ತದೆ, ಹಾಗಾಗಿ ಬೆಳಿಗ್ಗೆ ಸ್ವಲ್ಪ ಕಮ್ಮಿಯಿಂದ ಶುರು ಮಾಡಿ, ಪಿಟ್‌ಗೆ ಬಂದ ತಕ್ಷಣ ಅಳೆದು ಸರಿಮಾಡಿ. ವಾಪಸ್ ಹೊರಡುವ ಮುಂಚೆ ರಸ್ತೆಯ ಲೆಕ್ಕಕ್ಕೆ ತುಂಬಿಸುವುದು ಮರೆಯಬೇಡಿ. ಸೆಷನ್‌ನ ಕೊನೆಯ ಸುತ್ತು ಆದಷ್ಟೂ ಬ್ರೇಕ್ ಮುಟ್ಟದೆ ನಿಧಾನಕ್ಕೆ ಬನ್ನಿ. ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬ್ರೇಕ್ ಪೆಡಲ್ ಮೇಲೂ ಕಾಲಿಡಬೇಡಿ, ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕ್‌ಗೆ ಪ್ಯಾಡ್ ಅಂಟಿ ಕೂತರೆ ಆ ಜಾಗದಲ್ಲಿ ಕಲೆಯಾಗಿ ಬ್ರೇಕ್ ಹಾಕಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತದೆ. ಕಾರು ತಣ್ಣಗಾದ ಮೇಲೆ ನಾಲ್ಕೂ ಚಕ್ರದ ಬೋಲ್ಟ್‌ಗಳನ್ನು ವ್ರೆಂಚ್ ಹಾಕಿ ನೋಡಿ.

ಪ್ರಶ್ನೆ: ಬುಕ್ ಮಾಡಿದ ದಿನ ಮಳೆ ಬಂದರೆ? ಹಿಂದಿನ ಚಕ್ರದ ಡ್ರೈವ್ ಅಂದರೆ ಮಳೆಯಲ್ಲಿ ಡೇಂಜರ್ ಅಂತಾರೆ.

ಉತ್ತರ: ಟೈರ್ ಚೆನ್ನಾಗಿದ್ದರೆ ಖಂಡಿತ ಹೋಗಿ. ಮಳೆಯಲ್ಲಿ ಕಾರು ಜಾರುವುದು ಕಡಿಮೆ ವೇಗದಲ್ಲೇ, ಅಂದರೆ ಜಾರುವುದನ್ನು ಕಡಿಮೆ ಅಪಾಯದಲ್ಲಿ ಕಲಿಯಬಹುದು. ಬ್ರೇಕ್ ಬಿಸಿಯಾಗುವುದಿಲ್ಲ, ಟೈರ್ ಸವೆಯುವುದಿಲ್ಲ, ಅರ್ಧ ಜನ ಮನೆಯಲ್ಲೇ ಉಳಿದಿರುತ್ತಾರೆ. ಒಣಗಿದ ದಿನ ಎಲ್ಲರೂ ಹೋಗುವ ದಾರಿ ಮಾತ್ರ ಬಿಡಿ, ಅಲ್ಲಿ ರಬ್ಬರ್ ಮೆತ್ತಿ ನುಣುಪಾಗಿರುತ್ತದೆ, ನೀರು ಬಿದ್ದರೆ ಸೋಪು. ಒಂದು ಕಾರಿನಷ್ಟು ಪಕ್ಕಕ್ಕೆ ಸರಿದು ಒರಟು ಡಾಂಬರು ಹುಡುಕಿಕೊಂಡು ಹೋಗಿ. ಟ್ರ್ಯಾಕ್ ಅಂಚಿನ ಬಣ್ಣ ಬಳಿದ ಕರ್ಬ್ ಮೇಲೆ ಚಕ್ರ ಹಾಕಲೇಬೇಡಿ. ಗೀರು ಕಮ್ಮಿಯಿರುವ ಸೆಮಿ ಸ್ಲಿಕ್ ಟೈರ್ ಹಾಕಿಕೊಂಡು ಬಂದಿದ್ದರೆ, ನೀರು ನಿಂತಿರುವಷ್ಟು ಹೊತ್ತು ಪಿಟ್‌ನಲ್ಲೇ ಇದ್ದು ಬೇರೆಯವರ ದಾರಿ ನೋಡಿಕೊಳ್ಳಿ.